ಮಾತು ಬಂದ ಕಾಲದಲ್ಲಿ ಮೂಕನಾದವನು: ‘ದಿ ಆರ್ಟಿಸ್ಟ್’ ಚಿತ್ರ ಮತ್ತು ಉಚ್ಚಾರಣೆಯ ಪ್ರಶ್ನೆ

1

ಫ್ರಾನ್ಸಿನ ಮಿಶೆಲ್ ಹಜಾನಾವಿಸಿಯುಸ್ ನಿರ್ದೇಶಿಸಿದ ‘ದಿ ಆರ್ಟಿಸ್ಟ್’ (2011) ಚಿತ್ರ ಚಿತ್ರಹಿಂಸೆಯ ದೃಶ್ಯವೊಂದರಿಂದ ಆರಂಭವಾಗುತ್ತದೆ. ಕುರ್ಚಿಗೆ ಬಿಗಿದ ಗೂಢಚಾರನೊಬ್ಬನಿಗೆ ವಿದ್ಯುತ್ ಹರಿಸಲಾಗುತ್ತಿದೆ. ಹಿಂಸಿಸುವವರ ಬೇಡಿಕೆ ಒಂದೇ: ಅವನು ಮಾತಾಡಬೇಕು. ಅವನು ಒಪ್ಪುವುದಿಲ್ಲ. ಏನು ಮಾಡಿದರೂ ಬಾಯಿ ಬಿಡುವುದಿಲ್ಲವೆಂಬ ಅವನ ಹಠ ತೆರೆಯ ಮೇಲೆ ಬರಹದ ಫಲಕವಾಗಿ ಮೂಡುತ್ತದೆ. ಸ್ವಲ್ಪ ಹೊತ್ತಿನಲ್ಲೇ ಇದು ಚಿತ್ರದೊಳಗಿನ ಚಿತ್ರವೆಂಬುದು ತಿಳಿಯುತ್ತದೆ. ಇಸವಿ 1927. ಕಿಕ್ಕಿರಿದ ಚಿತ್ರಮಂದಿರದಲ್ಲಿ ಮೂಕಿಚಿತ್ರವೊಂದರ ಪ್ರಥಮ ಪ್ರದರ್ಶನ ನಡೆಯುತ್ತಿದೆ. ಅದರ ನಾಯಕನಟ ಜಾರ್ಜ್ ವ್ಯಾಲೆಂಟಿನ್ ತೆರೆಯ ಹಿಂದೆ ನಿಂತು ಕಾಯುತ್ತಿದ್ದಾನೆ. ಅಲ್ಲಿ ಯಾರೂ ಮಾತಾಡಬಾರದೆಂಬ ಸೂಚನೆ ಬರೆದಿಟ್ಟಿದೆ. ಚಿತ್ರ ಮುಗಿದು ಸಭಾಂಗಣ ಚಪ್ಪಾಳೆ ತಟ್ಟಿದಾಗ ಆ ಸದ್ದು ನಮ್ಮ ಕಿವಿಗೆ ಬೀಳುವುದಿಲ್ಲ. ನಟನ ಮುಖ ಅರಳಿದ್ದನ್ನು ಕಂಡು ಚಪ್ಪಾಳೆ ಬಿತ್ತೆಂದು ತಿಳಿಯಬೇಕು.

ಈ ಚಿತ್ರವನ್ನು ಮೂಕಿಯುಗಕ್ಕೆ ಸಲ್ಲಿಸಿದ ಪ್ರೇಮಪತ್ರವೆಂದು ಬಹುತೇಕ ವಿಮರ್ಶಕರು ಕರೆದರು. ಕಾಲ ಬದಲಾದುದನ್ನು ಒಪ್ಪದ ಅಹಂಕಾರಿ ನಟನೊಬ್ಬ ಕೆಳಗಿಳಿದು, ತನ್ನಿಂದಲೇ ಮೇಲೆ ಬಂದ ಹೆಣ್ಣೊಬ್ಬಳ ಪ್ರೀತಿಯಿಂದ ಮತ್ತೆ ಎದ್ದು ನಿಲ್ಲುವ ಕಥೆಯೆಂದು ಅದನ್ನು ಓದಲಾಯಿತು. ಈ ಓದು ತಪ್ಪೇನಲ್ಲ. ಆದರೆ ಚಿತ್ರದ ಕೊನೆಯಲ್ಲಿ ನಾಯಕ ಮೊದಲ ಬಾರಿಗೆ ಬಾಯ್ದೆರೆದು ಆಡುವ ಎರಡು ಪದಗಳನ್ನು ಈ ಓದು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಆ ಎರಡು ಇಂಗ್ಲಿಷ್ ಪದಗಳು ಫ್ರೆಂಚ್ ಉಚ್ಚಾರಣೆಯಲ್ಲಿ ಕೇಳಿಬರುತ್ತವೆ. ಅವನ್ನು ಕೇಳಿಸಿಕೊಂಡ ಮೇಲೆ ಚಿತ್ರವನ್ನು ಮತ್ತೆ ಮೊದಲಿಂದ ನೋಡಬೇಕಾಗುತ್ತದೆ. ಹಾಗೆ ನೋಡಿದಾಗ ಇದು ನುಡಿಯ ಕಥೆಯಾಗಿ, ಯಾರ ನುಡಿಗೆ ತೆರೆಯ ಮೇಲೆ ಜಾಗವಿದೆ ಮತ್ತು ಯಾರ ನುಡಿಗೆ ಇಲ್ಲ ಎಂಬುದರ ಕಥೆಯಾಗಿ ಕಾಣಿಸಿಕೊಳ್ಳುತ್ತದೆ. ಈ ಕಥೆಯನ್ನು ಚಿತ್ರ ಎಷ್ಟು ಹೇಳುತ್ತದೆ, ಎಷ್ಟನ್ನು ಮುಚ್ಚಿಡುತ್ತದೆ ಎಂಬುದು ಇಲ್ಲಿನ ವಿಚಾರ.

2

ಕಥಾಹಂದರ ಸರಳವಾದುದು. ಕಿನೋಗ್ರಾಫ್ ಎಂಬ ಕಲ್ಪಿತ ಹಾಲಿವುಡ್ ಸಂಸ್ಥೆಯ ತಾರೆ ವ್ಯಾಲೆಂಟಿನ್. ಪ್ರಥಮ ಪ್ರದರ್ಶನದ ದಿನ ಜನಜಂಗುಳಿಯಲ್ಲಿ ಪೆಪ್ಪಿ ಮಿಲ್ಲರ್ ಎಂಬ ತರುಣಿ ಅವನಿಗೆ ತಾಗಿ ನಿಲ್ಲುತ್ತಾಳೆ. ಛಾಯಾಗ್ರಾಹಕರ ಮುಂದೆ ಅವನ ಕೆನ್ನೆಗೆ ಮುತ್ತಿಡುತ್ತಾಳೆ. ಮರುದಿನ ಪತ್ರಿಕೆಯ ಮುಖಪುಟದಲ್ಲಿ ಆ ಚಿತ್ರ ಬರುತ್ತದೆ. ಅವಳು ಅದೇ ಸಂಸ್ಥೆಯಲ್ಲಿ ಸಣ್ಣಪುಟ್ಟ ಪಾತ್ರಗಳಿಗೆ ಸೇರುತ್ತಾಳೆ. 1929ರಲ್ಲಿ ಸಂಸ್ಥೆ ಮೂಕಿಚಿತ್ರಗಳ ತಯಾರಿಕೆಯನ್ನು ನಿಲ್ಲಿಸುತ್ತದೆ. ವ್ಯಾಲೆಂಟಿನ್ ಸ್ವಂತ ಹಣದಿಂದ ಒಂದು ಮೂಕಿಚಿತ್ರ ನಿರ್ಮಿಸುತ್ತಾನೆ. ಅದು ಪೆಪ್ಪಿ ನಾಯಕಿಯಾಗಿರುವ ಮಾತಿನ ಚಿತ್ರದೊಂದಿಗೆ ಒಂದೇ ದಿನ ಬಿಡುಗಡೆಯಾಗಿ ಸೋಲುತ್ತದೆ. ಅದೇ ವೇಳೆಗೆ ಷೇರುಪೇಟೆಯೂ ಕುಸಿಯುತ್ತದೆ. ಹೆಂಡತಿ ಬಿಟ್ಟುಹೋಗುತ್ತಾಳೆ. ವರ್ಷದಿಂದ ಸಂಬಳವಿಲ್ಲದೆ ದುಡಿದ ಚಾಲಕನನ್ನು ಅವನೇ ಕಳಿಸಿಬಿಡುತ್ತಾನೆ. ಮನೆಯ ಸಾಮಾನುಗಳು ಹರಾಜಾಗುತ್ತವೆ. ಜೊತೆಗುಳಿಯುವುದು ಒಂದು ನಾಯಿ.

ಹಜಾನಾವಿಸಿಯುಸ್ ಈ ಹಳೆಯ ಕಥೆಯನ್ನು ಹಳೆಯ ಸಾಧನಗಳಿಂದಲೇ ಹೇಳಲು ಹೊರಟವರು. ತೆರೆ ಅಂದಿನಂತೆ ಹೆಚ್ಚುಕಡಿಮೆ ಚೌಕಾಕಾರದ್ದು. ಗಿಯೋಮ್ ಶಿಫ್‌ಮನ್ ಬಣ್ಣದಲ್ಲಿ ಚಿತ್ರೀಕರಿಸಿದ್ದನ್ನು ಬಳಿಕ ಕಪ್ಪುಬಿಳುಪಿಗೆ ತರಲಾಯಿತು. ಸೆಕೆಂಡಿಗೆ 22 ಚೌಕಟ್ಟುಗಳಂತೆ ತೆಗೆದು 24ರಂತೆ ತೋರಿಸಿದ್ದರಿಂದ ನಡೆ ಸ್ವಲ್ಪ ಚುರುಕಾಗಿ, ಹಳೆಯ ಚಿತ್ರಗಳ ಲಯ ಬಂದಿದೆ. ಆದರೆ ಈ ತಾಂತ್ರಿಕ ನಿಷ್ಠೆಗಿಂತ ಮುಖ್ಯವಾದುದು, ಮೌನದಲ್ಲಿ ಮಾತ್ರ ಸಾಧ್ಯವಾಗುವ ಪ್ರೇಮದೃಶ್ಯಗಳನ್ನು ನಿರ್ದೇಶಕರು ಕಟ್ಟಿರುವ ಬಗೆ.

ಅಂಥ ಎರಡು ದೃಶ್ಯಗಳನ್ನು ಗಮನಿಸಬಹುದು. ಮೊದಲನೆಯದರಲ್ಲಿ ವ್ಯಾಲೆಂಟಿನ್ ನೃತ್ಯಕೂಟವೊಂದರ ನಡುವೆ ಹಾದುಹೋಗಬೇಕು. ದಾರಿಯಲ್ಲಿ ಎದುರಾಗುವ ಹೆಣ್ಣಿನೊಡನೆ ಒಂದೆರಡು ಹೆಜ್ಜೆ ಕುಣಿದು ಮುಂದೆ ಸಾಗಬೇಕು. ಆ ಹೆಣ್ಣು ಪೆಪ್ಪಿ. ಒಂದು ಟೇಕ್ ಆಗುತ್ತದೆ, ಇಬ್ಬರೂ ನಗುತ್ತಾರೆ. ಇನ್ನೊಂದು ಆಗುತ್ತದೆ, ಕೈ ಬಿಡುವುದು ತಡವಾಗುತ್ತದೆ. ಮತ್ತೊಂದರಲ್ಲಿ ನಟನೆ ಮರೆತು ಇಬ್ಬರೂ ನಿಂತೇ ಬಿಡುತ್ತಾರೆ. ಕೆಲಸ ಕೆಡುತ್ತಾ ಹೋದಂತೆ ಪ್ರೀತಿ ಬೆಳೆಯುತ್ತದೆ, ಮತ್ತು ಅದನ್ನು ತಿಳಿಸಲು ಒಂದೇ ಒಂದು ಮಾತೂ ಬೇಕಾಗಿಲ್ಲ. ಎರಡನೆಯ ದೃಶ್ಯದಲ್ಲಿ ಪೆಪ್ಪಿ ಅವನ ಖಾಲಿ ಕೋಣೆಗೆ ಬಂದು, ಗೂಟಕ್ಕೆ ತೂಗುಹಾಕಿದ ಅವನ ಕೋಟಿನ ಒಂದು ತೋಳಿನೊಳಗೆ ತನ್ನ ಕೈಯನ್ನು ತೂರಿಸುತ್ತಾಳೆ. ಆ ಕೈ ಅವನದಾಗಿ ಅವಳ ಸೊಂಟವನ್ನು ಬಳಸುತ್ತದೆ. ಇಲ್ಲಿ ಮಾತು ಸೇರಿದ್ದರೆ ದೃಶ್ಯ ನಗೆಪಾಟಲಾಗುತ್ತಿತ್ತು. ಆಮೇಲೆ ಅವನು ಬಂದು, ತಾರೆಯಾಗಲು ಉಳಿದವರಲ್ಲಿ ಇಲ್ಲದ ಏನಾದರೂ ಒಂದು ಬೇಕೆಂದು ಹೇಳಿ ಅವಳ ಮುಖದ ಮೇಲೆ ಒಂದು ಮಚ್ಚೆ ಬರೆಯುತ್ತಾನೆ. ಈ ಮಚ್ಚೆ ಅವಳ ಕೀರ್ತಿಯ ಗುರುತಾಗುತ್ತದೆ. ಬೇರೆಯಾಗಿರುವುದೇ ಅವಳಿಗೆ ಬಂಡವಾಳವಾಯಿತು. ಅವನು ಬೇರೆಯಾಗಿರುವುದು ಏನಾಗುತ್ತದೆ ಎಂಬುದು ಚಿತ್ರದ ಉಳಿದ ಭಾಗ.

3

ಸ್ಟುಡಿಯೊದ ಮುಖ್ಯಸ್ಥ ಜಿಮ್ಮರ್ ತೋರಿಸಿದ ಧ್ವನಿಪರೀಕ್ಷೆಯ ತುಣುಕನ್ನು ನೋಡಿ ವ್ಯಾಲೆಂಟಿನ್ ನಗುತ್ತಾನೆ. ಮುಂದೆ ಚಿತ್ರದ ಅತ್ಯಂತ ಹೆಸರಾದ ದೃಶ್ಯ ಬರುತ್ತದೆ. ತನ್ನ ಕೋಣೆಯಲ್ಲಿ ಅವನು ಲೋಟವನ್ನು ಮೇಜಿನ ಮೇಲಿಡುತ್ತಾನೆ. ಟಣ್ಣೆಂಬ ಸದ್ದು ಕೇಳುತ್ತದೆ. ಅವನೂ ಪ್ರೇಕ್ಷಕನೂ ಒಟ್ಟಿಗೇ ಬೆಚ್ಚುತ್ತಾರೆ. ದೂರವಾಣಿ ಬಡಿದುಕೊಳ್ಳುತ್ತದೆ, ನಾಯಿ ಬೊಗಳುತ್ತದೆ, ಹೊರಗೆ ಹುಡುಗಿಯರು ಗೊಳ್ಳೆಂದು ನಗುತ್ತಾರೆ. ಅವನು ಕಿರುಚಲು ಬಾಯ್ದೆರೆದರೆ ಮಾತ್ರ ಸದ್ದಿಲ್ಲ. ಕೊನೆಗೆ ಒಂದು ಗರಿ ನೆಲಕ್ಕೆ ಬಿದ್ದು ಬಾಂಬಿನಂತೆ ಸಿಡಿಯುತ್ತದೆ. ಅದು ಕನಸು. ಆದರೆ ಕನಸಿನ ತರ್ಕ ಸ್ಪಷ್ಟವಾಗಿದೆ: ಲೋಕದಲ್ಲಿ ಎಲ್ಲಕ್ಕೂ ದನಿ ಬಂದಿದೆ, ಅವನೊಬ್ಬನಿಗೆ ಬಂದಿಲ್ಲ. ಲೋಟಕ್ಕೂ ನಾಯಿಗೂ ಇರುವ ದನಿ ಇವನಿಗೇಕೆ ಇಲ್ಲ? ಬರೀ ಅಹಂಕಾರದ ಮನುಷ್ಯನಾಗಿದ್ದರೆ ಅವನ ದುಃಸ್ವಪ್ನ ಬೇರೆ ಬಗೆಯದಾಗಿರುತ್ತಿತ್ತು. ತಾನು ಮಾತಾಡಿದರೂ ಯಾರೂ ಕೇಳುತ್ತಿಲ್ಲವೆಂಬ ಭಯ ಅವನನ್ನು ಕಾಡಬೇಕಿತ್ತು. ಇವನನ್ನು ಕಾಡುವುದು ಬಾಯಿಂದ ದನಿಯೇ ಹೊರಡದು ಎಂಬ ಭಯ.

ಈ ಭಯಕ್ಕೆ ಚರಿತ್ರೆಯಲ್ಲಿ ಆಧಾರವಿದೆ. ಮೂಕಿಯುಗದ ಹಾಲಿವುಡ್ ನಟರು ಯಾವ ನಾಡಿನಿಂದಲಾದರೂ ಬರಬಹುದಾಗಿತ್ತು. ತೆರೆಯ ಮೇಲಿನ ಮಾತು ಬರಹದ ಫಲಕದಲ್ಲಿತ್ತು. ಫಲಕವನ್ನು ಯಾವ ಭಾಷೆಗಾದರೂ ಬದಲಿಸಿ ಅಂಟಿಸಬಹುದಾಗಿತ್ತು. ಇಟಲಿಯಲ್ಲಿ ಹುಟ್ಟಿದ ರುಡಾಲ್ಫ್ ವ್ಯಾಲೆಂಟಿನೋ, ಪೋಲೆಂಡಿನ ಪೋಲಾ ನೆಗ್ರಿ, ಹಂಗೇರಿಯ ವಿಲ್ಮಾ ಬಾಂಕಿ, ಜರ್ಮನಿಯ ಎಮಿಲ್ ಯಾನಿಂಗ್ಸ್ ಅಲ್ಲಿ ಮೆರೆದದ್ದು ಹೀಗೆ. ವ್ಯಾಲೆಂಟಿನೋ 1926ರಲ್ಲೇ ತೀರಿಕೊಂಡದ್ದರಿಂದ ಅವನ ದನಿಗೆ ಪರೀಕ್ಷೆ ಎದುರಾಗಲಿಲ್ಲ. ಉಳಿದವರಿಗೆ ಎದುರಾಯಿತು. ನೆಗ್ರಿ ಮತ್ತು ಬಾಂಕಿಯರ ಅಮೆರಿಕದ ಕೀರ್ತಿ ಮಾತಿನ ಚಿತ್ರಗಳು ಬಂದೊಡನೆ ಮಂಕಾಯಿತು. 1929ರಲ್ಲಿ ನಡೆದ ಮೊತ್ತಮೊದಲ ಆಸ್ಕರ್ ಸಮಾರಂಭದ ಶ್ರೇಷ್ಠ ನಟ ಪ್ರಶಸ್ತಿ ಯಾನಿಂಗ್ಸ್‌ಗೆ ಸಂದಿತು. ಅದೇ ವರ್ಷ ಅವರು ಜರ್ಮನಿಗೆ ಮರಳಿದರು. ಪ್ರಶಸ್ತಿ ಕೊಟ್ಟ ಊರಿನಲ್ಲಿಯೇ ಅವರ ಇಂಗ್ಲಿಷಿಗೆ ನೆಲೆ ಇರಲಿಲ್ಲ.

ಎಲ್ಲರೂ ಸೋತರೆಂದಲ್ಲ. ಸ್ವೀಡನ್ನಿನ ಗ್ರೇಟಾ ಗಾರ್ಬೊ ಮಾತಾಡಿದ ಮೊದಲ ಚಿತ್ರ ‘ಅನ್ನಾ ಕ್ರಿಸ್ಟಿ’ (1930). ಅದರಲ್ಲಿ ಅವಳದು ಸ್ವೀಡನ್ ಮೂಲದ ಹೆಣ್ಣಿನ ಪಾತ್ರ. ಉಚ್ಚಾರಣೆಗೆ ಹೊಂದುವ ಪಾತ್ರವನ್ನು ಹುಡುಕಿ ಕೊಡಲಾಗಿತ್ತು. ಫ್ರಾನ್ಸಿನ ಮೋರಿಸ್ ಶೆವಾಲಿಯೆ ‘ದಿ ಲವ್ ಪೆರೇಡ್’ (1929) ಚಿತ್ರದಲ್ಲಿ ತನ್ನ ಫ್ರೆಂಚ್ ಇಂಗ್ಲಿಷನ್ನೇ ಮೋಹಕ ಗುಣವಾಗಿಸಿಕೊಂಡ. ಎಂದರೆ ಪರನುಡಿಯ ಧಾಟಿಗೆ ಜಾಗವೇ ಇರಲಿಲ್ಲವೆಂದು ಹೇಳಲಾಗದು. ಜಾಗವಿತ್ತು, ಆದರೆ ಅದು ಷರತ್ತಿನ ಜಾಗ. ಪರದೇಶಿಯಾಗಿ ನಟಿಸಿದರೆ ಪರದೇಶಿಯ ನುಡಿ ಸಲ್ಲುತ್ತದೆ. ಎಲ್ಲರ ಪ್ರತಿನಿಧಿಯಾದ ನಾಯಕನಾಗಿ, ಮೂಕಿಚಿತ್ರದಲ್ಲಿ ವ್ಯಾಲೆಂಟಿನ್ ಇದ್ದಂತೆ, ನಿಲ್ಲಬೇಕಾದರೆ ಅದು ಸಲ್ಲದು.

4

ಈ ಹಿನ್ನೆಲೆಯೊಂದಿಗೆ ಚಿತ್ರದ ಕೊನೆಗೆ ಬರಬಹುದು. ಪೆಪ್ಪಿ ಜಿಮ್ಮರ್‌ನನ್ನು ಒತ್ತಾಯಿಸಿ ವ್ಯಾಲೆಂಟಿನ್‌ಗೆ ಅವಕಾಶ ಕೊಡಿಸುತ್ತಾಳೆ. ಇಬ್ಬರೂ ಟ್ಯಾಪ್ ನೃತ್ಯ ಮಾಡುತ್ತಾರೆ. ನೃತ್ಯ ನಿಂತಾಗ ಅವರ ಏದುಸಿರು ಕೇಳುತ್ತದೆ. ಚಿತ್ರಕ್ಕೆ ದನಿ ಬಂದಿದೆ. ಬಹಳ ಚೆನ್ನಾಗಿತ್ತು, ಇನ್ನೊಮ್ಮೆ ಮಾಡುವಿರಾ ಎಂದು ಜಿಮ್ಮರ್ ಕೇಳುತ್ತಾನೆ. ಸಂತೋಷದಿಂದ, ಎನ್ನುತ್ತಾನೆ ವ್ಯಾಲೆಂಟಿನ್. ಅವನ ಪಾತ್ರಧಾರಿ ಜಾನ್ ಡುಜಾರ್ಡಾನ್ ಫ್ರೆಂಚ್ ನಟ. ಆ ಎರಡು ಪದಗಳಲ್ಲಿ ಅವರ ತಾಯ್ನುಡಿ ನಿಚ್ಚಳವಾಗಿ ಕೇಳುತ್ತದೆ. ಚಿತ್ರ ಅಲ್ಲಿಗೆ ಮುಗಿಯುತ್ತದೆ.

ಇದನ್ನು ಕೊನೆಯ ಚಟಾಕಿಯೆಂದು ತಳ್ಳಿಹಾಕಬಹುದೇ? ನಟ ಫ್ರೆಂಚರಾದ್ದರಿಂದ ಉಚ್ಚಾರಣೆಯೂ ಹಾಗೆ ಬಂದಿತು, ಅಷ್ಟೇ ಎಂದು ವಾದಿಸಲೂಬಹುದು. ಆದರೆ ಡುಜಾರ್ಡಾನ್ ಬಾಯಲ್ಲಿ ಒಂದು ಮಾತನ್ನೂ ಆಡಿಸದೆ ಚಿತ್ರ ಮುಗಿಸುವ ಸ್ವಾತಂತ್ರ್ಯ ನಿರ್ದೇಶಕರಿಗಿತ್ತು. ಆಡಿಸಿದ್ದು ಅವರ ಆಯ್ಕೆ. ಆ ಆಯ್ಕೆಯ ಬೆಳಕಿನಲ್ಲಿ ಹಿಂದಿನ ದೃಶ್ಯಗಳು ಒಂದೊಂದಾಗಿ ಅರ್ಥ ಬದಲಿಸುತ್ತವೆ. ಮಾತಾಡೆಂದು ಹಿಂಸಿಸಿದರೂ ಒಪ್ಪದ ಮೊದಲ ದೃಶ್ಯದ ಗೂಢಚಾರ ಈಗ ಬರೀ ಸಾಹಸಿಯಲ್ಲ. ಧ್ವನಿಪರೀಕ್ಷೆ ನೋಡಿ ಅವನು ನಕ್ಕದ್ದು ತಿರಸ್ಕಾರದಿಂದಷ್ಟೇ ಅಲ್ಲ, ಅಂಜಿಕೆಯನ್ನು ಮರೆಸಲು ಎಂದೂ ಓದಬಹುದು. ಹೆಂಡತಿ ತಮ್ಮಿಬ್ಬರ ನಡುವೆ ಮಾತಾಗಬೇಕೆಂದು ಕೇಳಿದಾಗ ಅವನು ಸುಮ್ಮನಿರುವುದಕ್ಕೂ ಬೇರೆಯೇ ಕಾರಣ ಕಾಣುತ್ತದೆ.

ಇವೆಲ್ಲಕ್ಕಿಂತ ಗಾಢವಾಗಿ ಬದಲಾಗುವುದು ಪೊಲೀಸಿನವನ ದೃಶ್ಯ. ಎಲ್ಲವನ್ನೂ ಕಳೆದುಕೊಂಡ ವ್ಯಾಲೆಂಟಿನ್ ಅಂಗಡಿಯ ಗಾಜಿನ ಮುಂದೆ ನಿಂತಿದ್ದಾನೆ. ಪೊಲೀಸಿನವನೊಬ್ಬ ಬಂದು ಏನೋ ಹೇಳುತ್ತಾನೆ. ಬರಹದ ಫಲಕವಿಲ್ಲ. ಆಡುತ್ತಿರುವ ಬಾಯಿಯನ್ನು ಮಾತ್ರ ಕ್ಯಾಮೆರಾ ಹತ್ತಿರದಿಂದ ತೋರಿಸುತ್ತದೆ: ತುಟಿ, ಹಲ್ಲು, ಮತ್ತೆ ತುಟಿ. ವ್ಯಾಲೆಂಟಿನ್ ಅರ್ಥವಾಗದವನಂತೆ ನೋಡುತ್ತಾ ನಿಂತಿರುತ್ತಾನೆ. ಅಧಿಕಾರ ತನ್ನದಲ್ಲದ ನುಡಿಯಲ್ಲಿ ಎದುರು ನಿಂತು ಮಾತಾಡುವಾಗ ಮನುಷ್ಯನಿಗೆ ಕಾಣುವುದು ಬಾಯಿಯ ಚಲನೆ ಒಂದೇ. ಪರರಾಜ್ಯದ ಕಚೇರಿಯಲ್ಲಿ ಅರ್ಜಿ ಹಿಡಿದು ನಿಂತ ಅನುಭವವಿರುವ ಯಾವ ಓದುಗನಿಗೂ ಈ ಚಿತ್ರಿಕೆಗೆ ವಿವರಣೆ ಬೇಕಾಗದು.

ಚಿತ್ರದ ಬಗೆಗಿನ ತಕರಾರು ಶುರುವಾಗುವುದೂ ಇಲ್ಲಿಂದಲೇ. ಇಷ್ಟು ದೊಡ್ಡ ಸಂಗತಿಯನ್ನು ಕೈಯಲ್ಲಿಟ್ಟುಕೊಂಡು ನಿರ್ದೇಶಕರು ಅದನ್ನು ಕೊನೆಯ ಕ್ಷಣದವರೆಗೆ ಬಚ್ಚಿಡುತ್ತಾರೆ. ಬಚ್ಚಿಟ್ಟದ್ದನ್ನು ತೋರಿಸಿದಾಗ ಅದಕ್ಕೆ ಎರಡು ಪದಗಳಿಗಿಂತ ಹೆಚ್ಚು ಹೊತ್ತು ಕೊಡುವುದಿಲ್ಲ. ಅಷ್ಟರೊಳಗೆ ಪರಿಹಾರವೂ ಸಿಕ್ಕಿಬಿಟ್ಟಿರುತ್ತದೆ, ಅದೇ ನೃತ್ಯ. ನೃತ್ಯ ಮಾಡುವವನು ಮಾತಾಡಬೇಕಾಗಿಲ್ಲ. ವ್ಯಾಲೆಂಟಿನ್ ಮಾತಿನ ಯುಗವನ್ನು ಪ್ರವೇಶಿಸುವುದು ಬಾಯಿಂದಲ್ಲ, ಕಾಲಿನಿಂದ. ಅವನ ನುಡಿಯನ್ನು ಸ್ವೀಕರಿಸಲು ಸ್ಟುಡಿಯೊ ಕಿಂಚಿತ್ತೂ ಬದಲಾಗಿಲ್ಲ. ನುಡಿಯ ಅಗತ್ಯವಿಲ್ಲದ ಕೆಲಸವೊಂದನ್ನು ಅವನಿಗೆ ಹುಡುಕಿಕೊಟ್ಟಿದೆ. ಅಲ್ಪಸಂಖ್ಯಾತ ನುಡಿಗಾರರ ಹಾಡು, ಕುಣಿತ, ಉಡುಗೆ, ಊಟಗಳನ್ನು ಮೆಚ್ಚಿ ವೇದಿಕೆಗೆ ಕರೆದು, ಶಾಲೆ ಮತ್ತು ಕಚೇರಿಗಳಲ್ಲಿ ಅವರ ನುಡಿಗೆ ಬಾಗಿಲು ತೆರೆಯದ ಕ್ರಮ ಎಲ್ಲೆಡೆ ಕಾಣುವಂಥದು. ಚಿತ್ರದ ಸುಖಾಂತ್ಯ ಆ ಕ್ರಮಕ್ಕೆ ಅರಿವಿಲ್ಲದೆಯೇ ಒಪ್ಪಿಗೆ ನೀಡುತ್ತದೆ.

ಪ್ರೇಮದ ಎಳೆಯೂ ಇದೇ ಗೊಂದಲದಲ್ಲಿ ಸಿಕ್ಕಿದೆ. ಹರಾಜಿನಲ್ಲಿ ಹೋದ ತನ್ನ ಸಾಮಾನುಗಳೆಲ್ಲ ಪೆಪ್ಪಿಯ ಮನೆಯ ಕೋಣೆಯೊಂದರಲ್ಲಿ ಬಟ್ಟೆ ಹೊದೆದು ನಿಂತಿರುವುದನ್ನು ವ್ಯಾಲೆಂಟಿನ್ ಕಾಣುತ್ತಾನೆ. ಅವಳು ಅವನ್ನು ಗುಟ್ಟಾಗಿ ಕೊಂಡಿದ್ದಳು. ಅವಳಿಗೆ ಅದು ಪ್ರೀತಿ. ಅವನಿಗೆ ತನ್ನ ಬದುಕು ವಸ್ತುಸಂಗ್ರಹಾಲಯವಾದಂತೆ ಕಾಣುತ್ತದೆ. ಅಲ್ಲಿಂದ ಅವನು ಓಡಿಹೋಗುವುದು ಅಹಂಕಾರದಿಂದಲೆಂದು ಚಿತ್ರ ಸೂಚಿಸಿದರೂ, ನೋಡುವವರಿಗೆ ಅವನ ನೋವು ಹೆಚ್ಚು ನ್ಯಾಯವೆನಿಸುತ್ತದೆ. ಅವಳು ಅವನ ಹಳೆಯ ಎಲ್ಲವನ್ನೂ ಉಳಿಸಿಕೊಟ್ಟಳು; ಹೊಸದಾಗಿ ಏನನ್ನು ಹೇಳುವೆಯೆಂದು ಮಾತ್ರ ಕೇಳಲಿಲ್ಲ. ಹಿಂದೊಮ್ಮೆ ಅವನು ತನ್ನ ಚಿತ್ರದ ಸುರುಳಿಗಳಿಗೆ ಬೆಂಕಿಯಿಟ್ಟು, ಒಂದನ್ನು ಮಾತ್ರ ಎದೆಗವಚಿ ಬಿದ್ದಿದ್ದ. ಅದು ಅವಳೊಂದಿಗೆ ಕುಣಿದ ಆ ಕೆಟ್ಟ ಟೇಕ್‌ಗಳ ಸುರುಳಿ. ಪ್ರೇಮದ ನಿಜವಾದ ದಾಖಲೆ ಅದು. ಬೆಲೆ ಕಟ್ಟಿ ಕೊಂಡ ಕೋಣೆಯಲ್ಲಿ ಅಂಥದೇನೂ ಇಲ್ಲ.

5

ಚಿತ್ರದ ಹೊರಗಿನ ಸಂಗತಿಗಳು ಈ ವಾದಕ್ಕೆ ಮತ್ತಷ್ಟು ಬಲ ಕೊಡುತ್ತವೆ. ಪೆಪ್ಪಿ ಮಿಲ್ಲರ್ ಅಪ್ಪಟ ಅಮೆರಿಕನ್ ಹುಡುಗಿ. ಮಾತಿನ ಯುಗ ಗೆಲ್ಲಿಸಿದ ತಾರೆ. ಆ ಪಾತ್ರ ಮಾಡಿದ ಬೆರೆನಿಸ್ ಬೆಜೊ ಅರ್ಜೆಂಟೀನಾದಲ್ಲಿ ಹುಟ್ಟಿ ಫ್ರಾನ್ಸಿನಲ್ಲಿ ಬೆಳೆದವರು. ಕಥೆಯ ಪ್ರಕಾರ ನಾಡಿಗೆಲ್ಲ ಪ್ರಿಯವಾದ ಅವಳ ದನಿ ಪ್ರೇಕ್ಷಕರಿಗೆ ಕೇಳಸಿಗುವುದಿಲ್ಲ. ಕೇಳಸಿಕ್ಕಿದ್ದರೆ ಆ ಪಾತ್ರ ಅವರಿಗೆ ದಕ್ಕುತ್ತಿತ್ತೇ ಎಂಬುದು ಅನುಮಾನ. ಕಥೆಯಲ್ಲಿ ಸೋತುಹೋದ ಮೌನವೇ, ಕಥೆಯ ಹೊರಗೆ, ಈ ಇಬ್ಬರು ಫ್ರೆಂಚ್ ನಟರನ್ನು ಅಮೆರಿಕನ್ನರನ್ನಾಗಿಸಿದೆ.

ಪ್ರಶಸ್ತಿಗಳ ವಿಚಾರವೂ ಹಾಗೆಯೇ. 2011ರ ಮೇ ತಿಂಗಳಲ್ಲಿ ಕಾನ್ ಉತ್ಸವದಲ್ಲಿ ಡುಜಾರ್ಡಾನ್‌ಗೆ ಶ್ರೇಷ್ಠ ನಟ ಪ್ರಶಸ್ತಿ ಬಂತು. 2012ರ ಫೆಬ್ರವರಿಯಲ್ಲಿ ಚಿತ್ರ 5 ಆಸ್ಕರ್‌ಗಳನ್ನು ಪಡೆಯಿತು: ಶ್ರೇಷ್ಠ ಚಿತ್ರ, ನಿರ್ದೇಶನ, ನಾಯಕನಟ, ವಸ್ತ್ರವಿನ್ಯಾಸ ಮತ್ತು ಲುಡೋವಿಕ್ ಬೂರ್ಸ್ ಅವರ ಸಂಗೀತ. ಫ್ರಾನ್ಸಿನ ನಿರ್ಮಾಣವೊಂದು ಶ್ರೇಷ್ಠ ಚಿತ್ರ ಪ್ರಶಸ್ತಿ ಗೆದ್ದದ್ದು ಅದೇ ಮೊದಲು. ಆ ಚಿತ್ರದಲ್ಲಿ ಫ್ರೆಂಚ್ ಮಾತು ಒಂದೂ ಇಲ್ಲ; ಬರಹದ ಫಲಕಗಳೆಲ್ಲ ಇಂಗ್ಲಿಷಿನಲ್ಲಿವೆ. ಇಂಗ್ಲಿಷೇತರ ಭಾಷೆಯಲ್ಲಿ ಮಾತಾಡುವ ಚಿತ್ರವೊಂದು ಆ ಪ್ರಶಸ್ತಿ ಪಡೆಯಲು 2020ರವರೆಗೆ, ಕೊರಿಯನ್ ಭಾಷೆಯ ‘ಪ್ಯಾರಸೈಟ್’ ಬರುವವರೆಗೆ, ಕಾಯಬೇಕಾಯಿತು. ಮೌನ ಗಡಿ ದಾಟುತ್ತದೆ ಎಂಬ ಮಾತು ನಿಜ. ಬಾಯಿ ಮುಚ್ಚಿಕೊಂಡವನಿಗೆ ಮಾತ್ರ ಗಡಿ ತೆರೆಯುತ್ತದೆ ಎಂಬುದು ಅದರ ಇನ್ನೊಂದು ಮುಖ.

6

ಭಾರತದಲ್ಲಿ ಮೂಕಿಚಿತ್ರದಿಂದ ಮಾತಿನ ಚಿತ್ರಕ್ಕೆ ದಾಟಿದ ಕ್ಷಣವನ್ನು ಈ ಕಥೆಯ ಪಕ್ಕದಲ್ಲಿಟ್ಟು ನೋಡಬೇಕು. ಇಲ್ಲಿಯೂ ವ್ಯಾಲೆಂಟಿನ್‌ನಂಥವರಿದ್ದರು. ಪುಣೆಯ ಯಹೂದಿ ಕುಟುಂಬದಲ್ಲಿ ಹುಟ್ಟಿದ ರೂಬಿ ಮೈಯರ್ಸ್ ಸುಲೋಚನಾ ಎಂಬ ಹೆಸರಿನಲ್ಲಿ ಮುಂಬಯಿಯ ಮೂಕಿಚಿತ್ರಗಳ ಬಹುದೊಡ್ಡ ತಾರೆಯಾದವರು. 1931ರಲ್ಲಿ ‘ಆಲಂ ಆರಾ’ ಬಂದಾಗ ಅವರಿಗೆ ಹಿಂದುಸ್ತಾನಿ ಸರಾಗವಾಗಿರಲಿಲ್ಲ. ಅವರು ಬಿಡುವು ಮಾಡಿಕೊಂಡು ಭಾಷೆ ಕಲಿತರು. ಮರಳಿ ಬಂದು ತಮ್ಮ ಹಳೆಯ ಮೂಕಿಚಿತ್ರಗಳ ಮಾತಿನ ಆವೃತ್ತಿಗಳಲ್ಲೇ ನಟಿಸಿದರು. 1928ರ ಮೂಕಿ ‘ಅನಾರ್ಕಲಿ’ಯಲ್ಲೂ 1935ರ ಮಾತಿನ ‘ಅನಾರ್ಕಲಿ’ಯಲ್ಲೂ ನಾಯಕಿ ಅವರೇ. 1953ರಲ್ಲಿ ಅದೇ ಕಥೆ ಮತ್ತೆ ತೆರೆಗೆ ಬಂದಾಗ ಅವರದು ಸಲೀಮನ ತಾಯಿಯ ಪಾತ್ರ. ಒಂದೇ ಕಥೆಯ ಮೂರು ಚಿತ್ರಗಳಲ್ಲಿ ತಾರೆಯೊಬ್ಬಳ ಏರಿಳಿತ ಪೂರ್ತಿಯಾಗಿ ಕಾಣುತ್ತದೆ. ವ್ಯಾಲೆಂಟಿನ್‌ಗೂ ಇವರಿಗೂ ಇರುವ ಅಂತರ ಗಮನಾರ್ಹ. ಇವರು ಮೌನದ ಮೊರೆಹೋಗಲಿಲ್ಲ. ಕುಣಿದು ಪಾರಾಗಲೂ ನೋಡಲಿಲ್ಲ. ಕುಳಿತು ಭಾಷೆ ಕಲಿತರು. ‘ದಿ ಆರ್ಟಿಸ್ಟ್’ ತನ್ನ ನಾಯಕನಿಗೆ ಈ ಶ್ರಮದ, ಈ ಘನತೆಯ ದಾರಿಯನ್ನು ಕಲ್ಪಿಸಿಕೊಡುವುದೇ ಇಲ್ಲ.

ಮಾತು ಬಂದಾಗ ಚಿತ್ರಗಳಿಗೆ ಭಾಷಾಪ್ರಾಂತ್ಯಗಳೂ ಬಂದವು. ಅದರಿಂದ ಆದದ್ದು ನಷ್ಟವೊಂದೇ ಅಲ್ಲ. ಕನ್ನಡ ತೆರೆಯ ಮೇಲೆ ಕೇಳಿಬಂದದ್ದು 1934ರ ‘ಸತಿ ಸುಲೋಚನಾ’ದಿಂದ. ಅದು ಚಿತ್ರೀಕರಣಗೊಂಡದ್ದು ಕೊಲ್ಲಾಪುರದಲ್ಲಿ. ಕನ್ನಡಕ್ಕೆ ತೆರೆಯ ದನಿ ದೊರೆತದ್ದು ಇಂದಿನ ಕರ್ನಾಟಕದ ಗಡಿಯಾಚೆ. ಅದರಲ್ಲಿ ನಟಿಸಿದ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾಯರು ವೃತ್ತಿರಂಗಭೂಮಿಯಿಂದ ದನಿಯನ್ನು ಪಳಗಿಸಿಕೊಂಡೇ ಬಂದವರು. ಮೂಕಿಯುಗ ಮುಗಿದದ್ದು ಹಾಲಿವುಡ್‌ನ ಹೊರನಾಡಿನ ತಾರೆಗಳಿಗೆ ಶಾಪವಾದರೆ, ತನ್ನ ನುಡಿಯನ್ನು ತೆರೆಯ ಮೇಲೆ ಎಂದೂ ಕೇಳದ ಪ್ರೇಕ್ಷಕರಿಗೆ ಅದು ವರವಾಯಿತು. ಮೂಕಿಯುಗವನ್ನು ವಿಶ್ವಭಾಷೆಯ ಸುವರ್ಣಯುಗವೆಂದು ಹಂಬಲಿಸುವಾಗ ಹಜಾನಾವಿಸಿಯುಸ್ ಅವರ ಚಿತ್ರ ಈ ಎರಡನೆಯ ಮುಖವನ್ನು ನೋಡುವುದಿಲ್ಲ.

ಮಾತಿಲ್ಲದ ಆಧುನಿಕ ಚಿತ್ರಕ್ಕೆ ಬೇರೊಂದು ದಾರಿಯೂ ಇದೆಯೆಂದು ತೋರಿಸಿದ್ದು ಸಿಂಗೀತಂ ಶ್ರೀನಿವಾಸರಾವ್ ಅವರ ‘ಪುಷ್ಪಕ ವಿಮಾನ’ (1987). ಬೆಂಗಳೂರಿನಲ್ಲಿ ನಡೆಯುವ ಆ ಚಿತ್ರದಲ್ಲಿ ಸದ್ದುಗಳಿವೆ, ಸಂಭಾಷಣೆ ಇಲ್ಲ. ಕನ್ನಡದಲ್ಲಿ ‘ಪುಷ್ಪಕ ವಿಮಾನ’, ಹಿಂದಿಯಲ್ಲಿ ‘ಪುಷ್ಪಕ್’, ತಮಿಳಿನಲ್ಲಿ ಮಾತಾಡುವ ಚಿತ್ರವೆಂಬ ಅರ್ಥದ ‘ಪೇಸುಂ ಪಡಂ’. ಹೆಸರು ಬದಲಿಸಿಕೊಂಡು ಒಂದೇ ಚಿತ್ರ ಹಲವು ನಾಡುಗಳಲ್ಲಿ ಓಡಿತು. ಅಲ್ಲಿಯೂ ಪ್ರೇಮವಿದೆ, ಕಳೆದುಹೋಗುವ ವೈಭವವಿದೆ. ಕಮಲಹಾಸನ್ ಅಭಿನಯಿಸಿದ ನಿರುದ್ಯೋಗಿ ಎರವಲು ಶ್ರೀಮಂತಿಕೆಯಲ್ಲಿ ಕೆಲವು ದಿನ ಮೆರೆದು, ಪ್ರೀತಿಸಿ, ಕೊನೆಗೆ ಇದ್ದಲ್ಲಿಗೇ ಬರುತ್ತಾನೆ. ಊರು ಬಿಟ್ಟು ಹೊರಟ ಪ್ರೇಯಸಿ ಗುಲಾಬಿಯೊಂದಿಗೆ ತನ್ನ ವಿಳಾಸದ ಚೀಟಿಯನ್ನು ಕೊಡುತ್ತಾಳೆ. ಚೀಟಿ ಗಾಳಿಗೆ ಹಾರಿ ಚರಂಡಿ ಸೇರುತ್ತದೆ, ಹೂವಷ್ಟೇ ಕೈಯಲ್ಲಿ ಉಳಿಯುತ್ತದೆ. ನೋಟ, ಸನ್ನೆಗಳಿಂದ ಪ್ರೇಮ ಬೆಳೆಸಬಹುದು. ಅದನ್ನು ಉಳಿಸಿಕೊಳ್ಳಲು ಒಂದು ವಿಳಾಸ, ಒಂದು ಬರಹ, ಕೊನೆಗೆ ಒಂದು ಭಾಷೆ ಬೇಕು ಎಂದು ಈ ಅಂತ್ಯ ಹೇಳುತ್ತದೆ. ಮೌನದ ಸೊಗಸನ್ನು ‘ದಿ ಆರ್ಟಿಸ್ಟ್’ನಷ್ಟೇ ಬಲ್ಲ ಈ ಚಿತ್ರ ಮೌನದ ಮಿತಿಯನ್ನೂ ಬಲ್ಲದು.

7

‘ದಿ ಆರ್ಟಿಸ್ಟ್’ ಸಣ್ಣ ಚಿತ್ರವೆಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಮೆಟ್ಟಿಲುಗಳ ದೃಶ್ಯವೊಂದನ್ನು ನೆನೆದರೂ ಸಾಕು: ಪೆಪ್ಪಿ ಹತ್ತುತ್ತಿದ್ದಾಳೆ, ವ್ಯಾಲೆಂಟಿನ್ ಇಳಿಯುತ್ತಿದ್ದಾನೆ, ನಡುವೆ ನಿಂತು ಇಬ್ಬರೂ ನಗುತ್ತಾ ಮಾತಾಡುತ್ತಾರೆ, ಸುತ್ತ ಜನ ಮೇಲಕ್ಕೂ ಕೆಳಕ್ಕೂ ಹರಿದಾಡುತ್ತಾರೆ. ಏರುವವಳ ಸಂತೋಷವನ್ನೂ ಇಳಿಯುವವನ ಸಂಕೋಚವನ್ನೂ ಒಂದೇ ಚೌಕಟ್ಟಿನಲ್ಲಿಟ್ಟು, ಯಾರನ್ನೂ ದೂರದೆ ತೋರಿಸುವ ಶಕ್ತಿ ಈ ನಿರ್ದೇಶಕರಿಗಿದೆ. ಎರವಲು ಅತಿಯಾದ ಎಡೆಗಳೂ ಇವೆ. ಕೊನೆಯ ಭಾಗದ ಉದ್ವೇಗಕ್ಕೆ ಬರ್ನಾರ್ಡ್ ಹರ್ಮನ್ ‘ವರ್ಟಿಗೊ’ಗಾಗಿ ರಚಿಸಿದ ಸಂಗೀತವನ್ನು ಬಳಸಿದ್ದನ್ನು ಆ ಚಿತ್ರದ ನಟಿ ಕಿಮ್ ನೊವಾಕ್ ಬಹಿರಂಗವಾಗಿ ಖಂಡಿಸಿದ್ದರು. ಸ್ವಂತ ಭಾವ ಕಟ್ಟಬೇಕಾದಲ್ಲಿ ಬೇರೆ ಚಿತ್ರದ ಭಾವವನ್ನು ಕರೆತಂದಂತಾಗಿದೆ ಎಂಬ ಆಕ್ಷೇಪ ತಳ್ಳಿಹಾಕುವಂಥದ್ದಲ್ಲ.

ಚಿತ್ರದ ನಿಜವಾದ ಕೊರತೆ ಬೇರೆ. ಉಚ್ಚಾರಣೆಯ ನಾಚಿಕೆ ಎಂಬ ಅನುಭವವನ್ನು ಅದು ಮುಟ್ಟಿ ಕೈ ಹಿಂದೆಗೆದುಕೊಂಡಿದೆ. ಗಡಿಯಾಚೆಯ ಕನ್ನಡಿಗರಿಗೆ ಇದು ಎರಡು ಬಗೆಯಲ್ಲಿ ಪರಿಚಿತ. ತಾವಿರುವ ರಾಜ್ಯದ ಭಾಷೆಯನ್ನಾಡಿದರೆ ಅದರಲ್ಲಿ ಕನ್ನಡ ಕೇಳುತ್ತದೆ. ಬೆಂಗಳೂರಿಗೆ ಬಂದು ಕನ್ನಡವಾಡಿದರೆ ಅದರಲ್ಲಿ ಮಲಯಾಳವೋ ತುಳುವೋ ಮರಾಠಿಯೋ ತೆಲುಗೋ ಕೇಳುತ್ತದೆ. ಎರಡೂ ಕಡೆ ಜಾಣತನವೆಂದರೆ ಸುಮ್ಮನಿರುವುದು. ರಿಷಭ್ ಶೆಟ್ಟಿ ನಿರ್ದೇಶನದ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’ (2018) ಚಿತ್ರ ಗಡಿನಾಡಿನ ಮಕ್ಕಳಿಗೆ ಅವರ ನುಡಿಧಾಟಿಯಲ್ಲೇ ಬಾಯ್ತುಂಬ ಮಾತಾಡಲು ಬಿಟ್ಟಿತು. ಕನ್ನಡ ಮಾಧ್ಯಮದ ತರಗತಿಗೆ ಮಲಯಾಳ ಮಾತ್ರ ಬಲ್ಲ ಶಿಕ್ಷಕ ಬಂದು ನಿಂತಾಗ ಆ ಮಕ್ಕಳು ಮೌನಕ್ಕೆ ಶರಣಾಗುವುದಿಲ್ಲ. ಕಲೆಯಾಗಿ ಅದು ‘ದಿ ಆರ್ಟಿಸ್ಟ್’ನಷ್ಟು ನಯವಾದುದಲ್ಲ. ಆದರೆ ವ್ಯಾಲೆಂಟಿನ್‌ಗೆ ಕೊನೆಯಲ್ಲಿ ಎರಡು ಪದಗಳಷ್ಟು ಮಾತ್ರ ದಕ್ಕಿದ್ದು ಆ ಮಕ್ಕಳಿಗೆ ಚಿತ್ರದುದ್ದಕ್ಕೂ ದಕ್ಕಿದೆ.

‘ದಿ ಆರ್ಟಿಸ್ಟ್’ನ ಕೊನೆಯಲ್ಲಿ ಜಿಮ್ಮರ್ ಇನ್ನೊಂದು ಟೇಕ್ ಕೇಳುತ್ತಾನೆ. ಅದು ನೃತ್ಯದ ಟೇಕ್. ವ್ಯಾಲೆಂಟಿನ್ ಸಂತೋಷದಿಂದಲೇ ಒಪ್ಪುತ್ತಾನೆ. ಅದಾದ ಮೇಲೆ ಯಾರಾದರೂ ಅವನ ಕೈಗೆ ಸಂಭಾಷಣೆಯ ಹಾಳೆಯನ್ನು ಕೊಡುತ್ತಾರೆಯೇ, ಕೊಟ್ಟರೆ ಅವನು ಅದನ್ನು ತನ್ನ ಉಚ್ಚಾರಣೆಯಲ್ಲೇ ಓದಬಹುದೇ ಎಂಬುದನ್ನು ತಿಳಿಸುವ ಮೊದಲೇ ಚಿತ್ರ ಮುಗಿದುಹೋಗುತ್ತದೆ.